ಗಿಳಿ ಮನೆ ಬೋಳಾದದ್ದು

ಗಚ್ಚಿನ ಕಲ್ಯಾಣಪ್ಪನಿಗೆ ಗಚ್ಚಿನ ಕೆಲಸ ಸಿಗದೆ ಹದಿನಾಲ್ಕು ವರ್ಷವಾಗಿತ್ತು. ಗೌಡಿಕೆ ಹೋದರೂ ಗೌಡ ಅನ್ನಿಸಿಕೊಳ್ಳುವವರ ಹಾಗೆ ಹೆಸರು ಮಾತ್ರ ಅವನಿಗೆ ಅಂಟಿಕೊಂಡಿತ್ತು. ಹೈದರಾಬಾದಿನ ಮಲ್ಕಾಜ್‌ಗಿರಿಯ ರೈಲ್ವೆ ನೌಕರರ ಮನೆಗಳಲ್ಲಿ ಸಂಡಾಸು ಸೋರಿದರೆ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಒಡೆದರೆ, ಬಚ್ಚಲ ಮೋರಿ ಕಟ್ಟಿಕೊಂಡರೆ ಅವನಿಗೆ ಕರೆ ಬರುತ್ತಿತ್ತು. ಒಂದು ಬುಟ್ಟಿ ಸಿಮೆಂಟು ಕಲಸಿ ಮೆತ್ತಿ ಬರುತ್ತಿದ್ದ. ಮನೆಗೆ ಬಂದು ಕೈಯನ್ನು ಮೂರು ಸಲ ತಿಕ್ಕಿ ತೊಳೆಯುತ್ತಿದ್ದ. ಹೇಸಿಗೆ ಹೊಲಸಿನದಲ್ಲ, ಸಿಮೆಂಟಿನದು.

"ಸಿಮಿಟಿ ಅಂದ್ರ ಬೂದಿ ಐತಿ, ಬೂದಿ. ಅದಕ್ಕ ಜೀವ ಇಲ್ಲ," ಅನ್ನುತ್ತಿದ್ದ.

"ಆ ಬೂದಿನ ನಮಗ ರೊಟ್ಟಿ ಹಾಕಾಕತ್ತೈತಿ. ಸುಮ್ನ ತಿನ್ರಿ," ಅನ್ನುತ್ತಿದ್ದಳು ಹೆಂಡತಿ ಬಸಲಿಂಗಮ್ಮ.

ಗಚ್ಚು ಅಂದರೆ ಸುಣ್ಣವನ್ನು ಅರೆದು, ತಿಂಗಳುಗಟ್ಟಲೆ ಹುಳಿ ಬರಿಸಿ, ಅದರಿಂದ ಗೋಡೆಯ ಮೇಲೆ ಕೈಯಲ್ಲೇ ಬಳ್ಳಿ, ಕಮಾನು, ಕಳಸ, ಹಕ್ಕಿ ಎಬ್ಬಿಸುವ ಕೆಲಸ. ಕಲ್ಯಾಣಪ್ಪನ ಅಪ್ಪ ವೀರಭದ್ರಪ್ಪ ಹುಮನಾಬಾದಿನ ಕಡೆಯ ಹಳ್ಳಿಯಿಂದ ನಿಜಾಮನ ಕಾಲದಲ್ಲಿ ಹೈದರಾಬಾದಿಗೆ ಬಂದವನು. ಆಗ ವಕೀಲರು, ಸಾಹುಕಾರರು, ದೊಡ್ಡ ನೌಕರಿಯವರು ಗಲ್ಲಿಗಳಲ್ಲಿ ಒಂದಕ್ಕೊಂದು ಅಂಟಿಸಿ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದರು. ಒಳಗೆ ಉಸಿರುಗಟ್ಟುವ ಕೋಣೆ ಇದ್ದರೂ ಸರಿಯೇ, ಬೀದಿಯ ಮುಖಕ್ಕೆ ಮಾತ್ರ ಗಚ್ಚಿನ ಸಿಂಗಾರ ಬೇಕು. ಆ ಸಿಂಗಾರ ಉಳ್ಳವರ ಮೆರೆದಾಟ, ಅದರಲ್ಲಿ ಸಂಶಯ ಬೇಡ. ಆದರೆ ಮಾಡಿದ ಕೈ ಇಲ್ಲದವರದು.

ಆ ಕೈಗಳಲ್ಲಿ ಇನ್ನೂ ಕೆಲಸ ಮರೆಯದವು ಊರಿನಲ್ಲಿ ನಾಲ್ಕೋ ಐದೋ ಉಳಿದಿದ್ದವು. ಕಲ್ಯಾಣಪ್ಪನಿಗೆ ಐವತ್ತೇಳು. ಸಾಯುವ ಮೊದಲು ಇನ್ನೊಂದು ಗೋಡೆ ಸಿಗಲಿ ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ. ಮಗಳನ್ನು ಜಹೀರಾಬಾದಿಗೆ ಕೊಟ್ಟಾಗಿತ್ತು. ಉಳಿದದ್ದು ಇದೊಂದೇ.

ತೊಂಬತ್ತಾರನೇ ಇಸವಿಯ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವನಿದ್ದ ಕೂಲಿಕಾರರ ಬಸ್ತಿಯ ಬಾಯಿಗೆ ಸ್ಕೂಟರು ಬಂದು ನಿಂತಿತು. ಇಳಿದವರು ದತ್ತಾತ್ರೇಯರಾವ್. ಸೆಕ್ರೆಟೇರಿಯಟ್ಟಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರಜ್ಜ ಕಟ್ಟಿಸಿದ ಮನೆ ಇತ್ತು. ಮಾಳಿಗೆಯ ಅಂಚಿನ ಮೇಲೆ ಗಚ್ಚಿನ ಒಂಬತ್ತು ಗಿಳಿ ಸಾಲಾಗಿ ಕೂತಿದ್ದರಿಂದ ಕನ್ನಡದವರಿಗೆ ಅದು ಗಿಳಿ ಮನೆ, ಉಳಿದವರಿಗೆ 'ತೋತೇ ವಾಲಾ ಘರ್'. ಆಟೋದವರಿಗೆ ನಂಬರು ಹೇಳುವುದೇ ಬೇಕಿರಲಿಲ್ಲ.

ಆ ಒಂಬತ್ತು ಗಿಳಿ ಕಲ್ಯಾಣಪ್ಪನವು. ಅರವತ್ತೊಂದರಲ್ಲಿ ಮಳೆಗೆ ಹಳೆಯ ಅಂಚು ಉರುಳಿದಾಗ ವೀರಭದ್ರಪ್ಪನ ಕೈ ನಡುಗಲು ಶುರುವಾಗಿತ್ತು. ಇಪ್ಪತ್ತೆರಡರ ಕಲ್ಯಾಣಪ್ಪ ಒಬ್ಬನೇ ಮೇಲೆ ಹತ್ತಿ ಅಂಚು ಕಟ್ಟಿದ, ಬಳ್ಳಿ ಎಳೆದ, ಗಿಳಿ ಕೂರಿಸಿದ. ಅಪ್ಪನಿಲ್ಲದೆ ಅವನು ಮಾಡಿದ ಮೊದಲ ಕೆಲಸ ಅದು.

ದತ್ತಾತ್ರೇಯರಾವ್ ಬಾಗಿಲಲ್ಲೇ ನಿಂತು ಹೇಳಿದರು: "ಕಲ್ಯಾಣಪ್ಪ, ನಮ್ಮ ಮನೀ ಗಚ್ಚೆಲ್ಲಾ ಸಡಲ್ಯದ. ಪೂರಾ ಕಿತ್ತಿ ಹೊಸದಾಗಿ ಮಾಡಬೇಕು. ನಿನ್ನ ಬಿಟ್ಟು ಯಾರ ಕೈಲೆ ಆಗ್ತದಪಾ?"

ಕಲ್ಯಾಣಪ್ಪ ಚಾಪೆ ಕೊಡವಿ ಹಾಸಿದ. "ಕೂಡ್ರಿ ಸಾಹೇಬ್ರ, ಚಾ ಕುಡೀರಿ," ಅಂದ.

"ಚಾ ಇರಲಿ. ನಾಳೆ ಶುರು ಮಾಡು. ಕೀಳೋ ಕೆಲಸ ಹತ್ತು ದಿನದಾಗ ಮುಗೀಬೇಕು."

"ಕೀಳೂದು ಕಡೀಕ್ರಿ. ಮೊದಲ ಸುಣ್ಣ ಹಾಕ್ಬೇಕು. ತಿಂಗಳಾದ್ರೂ ಹುಳಿ ಬರಬೇಕು. ಅಲ್ಲೀತನಾ ಹಳೇದು ಇರಲಿ. ಬರೀ ಇಟ್ಟಂಗಿ ಬಿಟ್ರ—"

"ನೀ ಮೊದಲ ಕೀಳು. ಸುಣ್ಣ ಜೋಡೀಲೆ ಹಾಕು, ಬ್ಯಾಡ ಅನ್ನೋರ್ಯಾರು?"

ಸ್ಕೂಟರು ಹೋದ ಮೇಲೆ ಬಸಲಿಂಗಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಯಾಕ್ರೀ, ಈಗಿನ ಕಾಲದಾಗ ಯಾರು ಸುಣ್ಣದ ಗಿಳಿ ಸಾಕ್ತಾರ?"

"ದೊಡ್ಡ ಮಂದಿ ಸಾಕ್ತಾರ."

"ಮೂವತ್ತೈದು ವರ್ಷದಾಗ ಒಂದ ದಿನ ಬರಲಾರದ ದೊಡ್ಡ ಮನಶ್ಯಾ ಇವತ್ತ ನಮ್ಮ ಬಾಗಲಿಗೆ ಬಂದಾನ ಅಂದ್ರ ಹೇಲಾಕ ಬಂದಾನ ಅಂತ ತಿಳೀರಿ."

"ಏ ಬಸಲಿಂಗಿ, ನಿನ್ನ ಬಾಯಿಗಿಷ್ಟು ಸುಣ್ಣ ಹಾಕ್ತೀನಿ ನೋಡು."

"ಹಾಕ್ರಿ. ನಾನ ಅರದ ಸುಣ್ಣ ಅದು, ಸುಡಂಗಿಲ್ಲ." ಅಷ್ಟಂದರೂ ಮರುದಿನ ಕಚ್ಚೆ ಬಿಗಿದು ಅವನ ಹಿಂದೆ ಹೊರಟಳು. ಅವಳಿಗೂ ಬೇರೆಯವರ ಸಂಡಾಸು ಸಾಕಾಗಿತ್ತು.

ಗಿಳಿ ಮನೆಯ ಹಿತ್ತಲಲ್ಲಿ ಗುಂಡಿ ತೋಡಿ ಇಪ್ಪತ್ತು ಚೀಲ ಸುಣ್ಣದ ಹರಳು ಸುರಿದು ನೀರು ಬಿಟ್ಟರು. ಗುಂಡಿ ಕೊತಕೊತ ಕುದಿಯಿತು. ಆ ಬಿಸಿ ವಾಸನೆ ಮೂಗಿಗೆ ಬಡಿದಾಗ ಕಲ್ಯಾಣಪ್ಪ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುವುದನ್ನೂ ಮರೆತ. ಆಮೇಲೆ ಬೀದಿಯ ಕಡೆ ಬಿದಿರಿನ ಅಟ್ಟಣಿಗೆ ಕಟ್ಟಿಸಿ ಸುತ್ತಿಗೆ, ಉಳಿ ಹಿಡಿದು ಹತ್ತಿದ.

ಗಚ್ಚಿನವರಿಗೆ ಒಂದು ಕಟ್ಟುಪಾಡು ಉಂಟು. ಹಳೆಯದರ ಮೇಲೆ ಹೊಸದು ಮೆತ್ತಬಾರದು. ಉಗುರಿನಷ್ಟು ಹಳೆಯ ಗಚ್ಚು ಉಳಿದರೂ ಹೊಸದನ್ನು ಅದು ಒಳಗಿಂದ ಎತ್ತಿ ಒಗೆಯುತ್ತದೆ. ಆದ್ದರಿಂದ ಇಟ್ಟಿಗೆ ಕೆಂಪಗೆ ಕಾಣುವವರೆಗೆ ಕೆರೆಯಬೇಕು, ಸಂದುಗಳನ್ನು ಕುಂಚದಿಂದ ತೊಳೆಯಬೇಕು. ಆಮೇಲೆ ಹೊಸ ಗಚ್ಚಿಗೆ ಹಿಡಿತ ಸಿಗಲೆಂದು ಇಟ್ಟಿಗೆಗೆ ಉಳಿಯಿಂದ ಕಚ್ಚು ಹೊಡೆಯಬೇಕು. ಮನೆ ಕೆಡವುವ ಕೂಲಿಯವನು ಅರೆಬರೆ ಬಡಿದು ಹೋದಾನು, ಗಚ್ಚಿನವನು ಮಾತ್ರ ಒಂದು ಗುರುತೂ ಉಳಿಯದಂತೆ ಕೀಳುತ್ತಾನೆ. ಅದನ್ನು ದತ್ತಾತ್ರೇಯರಾವ್ ಬಲ್ಲರು. ಅವನನ್ನೇ ಹುಡುಕಿಕೊಂಡು ಬಂದದ್ದು ಅದಕ್ಕೇ.

ಅಟ್ಟಣಿಗೆಯ ಮೇಲಿನಿಂದ ಇಡೀ ಗಲ್ಲಿ ಕಾಣುತ್ತಿತ್ತು. ಅದು ಕಂಡರೆ ವಾಕರಿಕೆ ಬರುವಂತಿತ್ತು. ಎದುರು ಮನೆಯವರು ಕೆಳಗೆ ಅಂಗಡಿ ಮಾಡಿ, ಕಬ್ಬಿಣದ ಶಟರು ಕೂರಿಸಲು ಕಮಾನಿನ ಕೆಳಗಿನ ಅರ್ಧವನ್ನು ಕೊಯ್ದಿದ್ದರು. ಪಕ್ಕದ್ದು ಲಾಡ್ಜ್ ಆಗಿ, ದೀಪದ ಬೋರ್ಡಿನ ಕಬ್ಬಿಣದ ಕಾಲು ಊರಲು ದ್ರಾಕ್ಷಿ ಬಳ್ಳಿ ಹೋಗಿತ್ತು. ಮೂಲೆಯ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದರು. ಬೀದಿಗೆ ಚಾಚಿದ ಸಜ್ಜೆಯ ನಡುವೆ ಗೋಡೆ ಬಂತು. ತಮ್ಮನ ಪಾಲಿಗೆ ಬಂದ ಬಳ್ಳಿ ಅಣ್ಣನದಕ್ಕಿಂತ ಚೆನ್ನಾಗಿದೆ ಅಂತ ಅಣ್ಣ ಕೊರಗಿ, ಒಂದು ದಿನ ತಮ್ಮ ಊರಲ್ಲಿಲ್ಲದಾಗ ಎರಡೂ ಕಡೆಯದನ್ನು ಕೀಳಿಸಿದ. ಅದರಾಚೆಯ ಡಾಕ್ಟರರ ಹೆಂಡತಿ ಅಬಿಡ್ಸ್‌ನಲ್ಲಿ ಯಾವುದೋ ಅಂಗಡಿಯ ಮುಖ ನೋಡಿ ಬಂದು, ಮನೆಯ ಮುಂಭಾಗಕ್ಕೆಲ್ಲ ಬಿಳಿ ಟೈಲ್ಸ್ ಹೊಡೆಸಿದ್ದಳು. ಬಚ್ಚಲನ್ನು ಒಳಹೊರಗು ಮಾಡಿ ಬೀದಿಗೆ ತಿರುಗಿಸಿದ ಹಾಗೆ ಕಾಣುತ್ತಿತ್ತು. ರಸ್ತೆ ಅಗಲ ಮಾಡುತ್ತಾರಂತೆ ಅನ್ನುವ ಗಾಳಿಮಾತಿಗೇ ಇಬ್ಬರು ತಮ್ಮ ಸಜ್ಜೆಗಳನ್ನು ತಾವೇ ಕತ್ತರಿಸಿ ಹಾಕಿದ್ದರು.

ಯಾಕೆ ತೆಗೆಸಿದಿರಿ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಪಾರಿವಾಳ. ಪಾರಿವಾಳ ಹೇಲುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ. ಊರಿನ ದುರಾಸೆಯನ್ನೆಲ್ಲ ಒಂದು ಹಕ್ಕಿಯ ಕುಂಡೆಗೆ ಕಟ್ಟಿ ಕೂತಿದ್ದರು.

ಇವುಗಳಲ್ಲಿ ಎರಡು ಮನೆಯ ಗಚ್ಚು ಕಿತ್ತದ್ದು ದಿನಗೂಲಿಗೆ ಹೋದ ಕಲ್ಯಾಣಪ್ಪನೇ. ಒಂದು ಅವನ ಅಪ್ಪ ಮಾಡಿದ್ದು. ಆ ದಿನ ರೊಟ್ಟಿ ಇಳಿದಿರಲಿಲ್ಲ, ಅಷ್ಟೆ. ಕೂಲಿ ಬಿಟ್ಟು ಬಂದಿರಲಿಲ್ಲ.

ಈ ಸಲ ಹಾಗಲ್ಲ ಅಂದುಕೊಂಡ. ಈ ಸಲ ಕೀಳುವುದು ಮತ್ತೆ ಕೂರಿಸಲಿಕ್ಕೆ. ಆ ಹುರುಪಿನಲ್ಲಿ ಎರಡು ಆಳಿನ ಕೆಲಸ ಒಬ್ಬನೇ ಎಳೆದ. ಕಮಾನು ಹೋಯಿತು, ಕಳಸ ಹೋಯಿತು, ಬಳ್ಳಿ ಹೋಯಿತು. ದತ್ತಾತ್ರೇಯರಾವ್ ಕುರ್ಚಿ ಹಾಕಿಕೊಂಡು ಕೂತು, "ಒಳಗಿನ ಅಂಗಳದ್ದೂ ತಗೀ. ಹಿಂದಿನ ಬಾಗಲ ಮ್ಯಾಲಿನ ಹೂವೂ ತಗೀ," ಅನ್ನುತ್ತಿದ್ದರು. ಬಿದ್ದ ಚೂರುಗಳನ್ನು ಅಂದಂದೇ ಟ್ರಾಕ್ಟರಿಗೆ ಹೇರಿ ಮೂಸಿ ನದಿಯ ದಂಡೆಗೆ ಕಳಿಸುತ್ತಿದ್ದರು.

ಹನ್ನೊಂದನೇ ದಿನಕ್ಕೆ ಗಿಳಿಗಳಷ್ಟೇ ಉಳಿದಿದ್ದವು. ಎಂಟನ್ನು ಬಡಿದ. ಒಂಬತ್ತನೆಯದನ್ನು ಅಡಿಯಿಂದ ನಿಧಾನ ಕೊಯ್ದು, ಇಡಿಯಾಗಿ ಎದೆಗೆ ಒತ್ತಿಕೊಂಡು ಇಳಿಸಿ ಚೀಲದ ಮೇಲೆ ಇಟ್ಟ. ಅಳತೆಗೆ ಬೇಕಲ್ಲ, ಹೊಸ ಗಿಳಿ ಹಳೆಯದರಷ್ಟೇ ಇರಬೇಕಲ್ಲ. ದತ್ತಾತ್ರೇಯರಾವ್ ಎದ್ದು ಬಂದರು. ಗೋಡೆಗೆ ಆನಿಸಿದ್ದ ಹಾರೆ ತೆಗೆದುಕೊಂಡು, ಜನ್ಮದಲ್ಲಿ ಹಾರೆ ಹಿಡಿಯದ ಆ ಕೈಯಿಂದ ಗಿಳಿಯ ಕತ್ತಿನ ಮೇಲೆ ಹೊಡೆದರು. ಎರಡನೇ ಏಟಿಗೆ ಅದು ಪುಡಿಯಾಯಿತು.

"ಹಳೇದ್ಯಾಕೋ? ಹೊಸಾದು ಇದಕ್ಕಿಂತ ಛಲೋ ಮಾಡು."

ಕಲ್ಯಾಣಪ್ಪ ಅದನ್ನು ಹೊಗಳಿಕೆ ಅಂತಲೇ ನುಂಗಿಕೊಂಡ. ಬಸಲಿಂಗಮ್ಮ ಬುಟ್ಟಿ ಕೆಳಗಿಟ್ಟು ಅವನ ಮುಖ ನೋಡಿದಳು.

ಮರುದಿನ ಅವನು ಇಟ್ಟಿಗೆಗೆ ಕಚ್ಚು ಹೊಡೆಯುತ್ತಿದ್ದಾಗ ಗಲ್ಲಿಗೆ ಒಬ್ಬ ಹೆಣ್ಣುಮಗಳು ಬಂದಳು. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಕಾಗದದ ಕಟ್ಟು, ಹಿಂದೆ ಸರಕಾರಿ ಜವಾನ. ಗಿಳಿ ಮನೆಯ ಮುಂದೆ ನಿಂತು ಮೇಲೆ ನೋಡಿದಳು, ಕಾಗದ ನೋಡಿದಳು, ಮತ್ತೆ ಮೇಲೆ ನೋಡಿದಳು.

"ತೋತೇ ವಾಲಾ ಘರ್ ಯಹೀ ಹೈ ನಾ?"

"ಇದೇ, ಇದೇ!" ಅಂತ ಕಲ್ಯಾಣಪ್ಪ ಖುಷಿಗೆ ಕನ್ನಡದಲ್ಲೇ ಕೂಗಿಬಿಟ್ಟ.

"ಕನ್ನಡದವರಾ ನೀವು? ಕಾಕಾ, ಗಿಳಿ ಎಲ್ಲಿ ಹೋದ್ವು?"

ಅವಳು ಗುಲಬರ್ಗಾದವಳು, ಹೆಸರು ಸುಹಾಸಿನಿ. ಕಲ್ಯಾಣಪ್ಪ ಇಳಿದು ಬಂದು ಹೆಮ್ಮೆಯಿಂದ ಹೇಳಿದ: "ಹೊಸಾವು ಮಾಡಾಕತ್ತೀನಿ ತಂಗಿ. ಎರಡ ತಿಂಗಳ ಬಿಟ್ಟು ಬಾ, ಒಂಬತ್ತಕ್ಕ ಒಂಬತ್ತೂ ಕುಂತಿರ್ತಾವ. ಆವಾಗ ಫೋಟೋ ತಗೀ."

ಸುಹಾಸಿನಿ ಕ್ಯಾಮೆರಾ ಇಳಿಸಿದಳು. "ಕಾಕಾ, ನಿಮಗ ಯಾರೂ ಹೇಳಿಲ್ಲೇನು? ಊರಾಗ ಹಳೇ ಮನಿಗೋಳ ಪಟ್ಟಿ ಮಾಡಾಕತ್ತಾರ. ಪಟ್ಟಿಯೊಳಗ ಬಂದ ಮನೀನ ಕೆಡವಾಕ ಬರಂಗಿಲ್ಲ. ಬಳ್ಳಿ, ಕಮಾನು, ಗಿಳಿ ನೋಡೇ ಪಟ್ಟಿಗೆ ಹಾಕೋದು. ನಾ ಇವತ್ತ ಬರ್ತೀನಿ ಅಂತ ತಿಂಗಳದ ಹಿಂದನ ಕಾಗದ ಬಂದೈತಿ ಈ ಮನೀಗೆ. ಬೋಳು ಗ್ವಾಡಿ ನೋಡಿ ನಾ ಏನ್ ಬರೀಲಿ?"

"ಹೊಸ ಗಿಳಿ ಬರೀ."

"ಹೊಸಾದು ಹೊಸಾದ ಕಾಕಾ. ಲೆಕ್ಕಕ್ಕಿಲ್ಲ. ಮತ್ತ ಅವರೂ ಮಾಡಸೂದಿಲ್ಲ. ಬಿಲ್ಡರ್ ಕೂಡ ಮಾತಾಗೈತಿ ಅಂತ ಎದುರಿನ ಅಂಗಡಿಯವರ ಹೇಳಿದ್ರು."

ಗಲ್ಲಿಗೆಲ್ಲ ಗೊತ್ತಿತ್ತು. ಚಹಾ ಹೋಟೆಲಿನ ರಾಮದಾಸನಿಗೂ ಗೊತ್ತಿತ್ತು. ಹನ್ನೆರಡು ದಿನದಿಂದ ಅವನ ಚಹಾ ಕುಡಿಯುತ್ತಿದ್ದ ಕಲ್ಯಾಣಪ್ಪನಿಗೆ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲವೋ ಅಂದರೆ ರಾಮದಾಸ ಗ್ಲಾಸು ತೊಳೆಯುತ್ತ, "ಹೇಳಿದ್ರ ನೀ ಕೆಲಸ ಬಿಡ್ತಿದ್ದೇನು ಉಸ್ತಾದ?" ಅಂದ. ಬಿಡುತ್ತಿರಲಿಲ್ಲ ಅನ್ನುವುದು ಕಲ್ಯಾಣಪ್ಪನಿಗೂ ಗೊತ್ತು.

ಸುಹಾಸಿನಿ ಗಟ್ಟಿ ಹೆಣ್ಣು. 'ಏನೂ ಇಲ್ಲ' ಅಂತ ಬರೆದು ಹೋಗುವ ಬದಲು, ಹೊಸದಾಗಿ ಕೆರೆದ ಇಟ್ಟಿಗೆಯ ಫೋಟೋ ತೆಗೆದು, ಸಿಂಗಾರವನ್ನು ಬೇಕೆಂದೇ ಕೀಳಿಸಿದ್ದಾರೆ ಅಂತ ವರದಿ ಕೊಟ್ಟಳು. ಹತ್ತು ದಿನದಲ್ಲಿ ವಿಚಾರಣೆ. ಮನೆಯವರಿಗೂ ಕರೆ, ಕಿತ್ತ ಗಚ್ಚಿನವನಿಗೂ ಕರೆ.

ವಿಚಾರಣೆಗೆ ಎರಡು ದಿನ ಇರುವಾಗ ಸ್ಕೂಟರು ಮತ್ತೆ ಬಸ್ತಿಗೆ ಬಂತು. ಈ ಸಲ ದತ್ತಾತ್ರೇಯರಾವ್ ಒಳಗೆ ಬಂದು ಕೂತರು. ಚಹಾವನ್ನೂ ಕುಡಿದರು.

"ನೋಡು ಕಲ್ಯಾಣಪ್ಪ, ಮೇಡ್ಚಲ್ ಕಡೆ ನಂದು ಎರಡೆಕರೆ ಅದ. ಅಲ್ಲಿ ಮನಿ ಕಟ್ಟಸ್ಲಿಕ್ಕತ್ತೀನಿ. ಹೆಬ್ಬಾಗಲಿಗೆ ಗಚ್ಚು ಬೇಕು. ಗಿಳಿ ಹತ್ತು ಮಾಡು, ಇಪ್ಪತ್ತು ಮಾಡು, ನವಿಲು ಮಾಡು. ಅಪ್ಪಟ ಸುಣ್ಣದಾಗ. ವರ್ಷ ಹಿಡೀಲಿ, ನಾ ಕೇಳೂದಿಲ್ಲ."

"ಖರೇ ಹೇಳ್ತೀರೇನ್ರಿ?"

"ದೇವರಾಣೆ. ನೀ ಅಲ್ಲಿ ಹೇಳೋದು ಇಷ್ಟ. ಆ ಗ್ವಾಡಿ ಮ್ಯಾಲ ಎಂದೂ ಏನೂ ಇರ್ಲಿಲ್ಲ. ಬರೀ ಸುಣ್ಣ ಬಳೀಲಿಕ್ಕೆ ಕರದಿದ್ರು, ಹಳೇ ಪದರ ಕೆರದೆ. ಮುಗೀತು."

ಅವರು ಹೋದ ಮೇಲೆ ಕಲ್ಯಾಣಪ್ಪ ಬಸಲಿಂಗಮ್ಮನ ಬೈಗುಳಕ್ಕೆ ಕಾದ. ಅವಳು ಬೈಯಲಿಲ್ಲ. "ಹೇಳಿ ಬಿಡ್ರಿ," ಅಂದಳು. "ಆ ಗಿಳಿ ಹೋತು. ಮೂಸಿ ದಂಡಿ ಸೇರ್ತು. ಇಲ್ಲ ಅಂದ್ರ ಸುಳ್ಳೇನೈತಿ? ನೋಡಿದ್ರ ಇಲ್ಲೇ ಇಲ್ಲ. ಹೊಸಾ ಬಾಗಲಾದ್ರೂ ಸಿಗಲಿ."

"ನಾ ಮಾಡಿದ್ದನ್ನ ನಾನ ಮಾಡಿಲ್ಲ ಅನ್ಲೇನು?"

"ದಿನಾ ಸಂಡಾಸ ಮೆತ್ತಿ ಬಂದು ನಾ ಗಚ್ಚಿನವ ಅಂತೀರಲ್ಲ, ಅದಕ್ಕಿಂತ ದೊಡ್ಡ ಸುಳ್ಳೇನಿದು?"

ಎರಡು ದಿನ ಯೋಚಿಸಿ ಅವನು ಸುಳ್ಳು ಹೇಳಲು ಒಪ್ಪಿಕೊಂಡೇ ಹೋದ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಸಿದವನ ಮುಂದೆ ತಟ್ಟೆ ಇಟ್ಟರೆ ಅವನು ಇಟ್ಟವನ ಜಾತಕ ಕೇಳುವುದಿಲ್ಲ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಗರಗರ ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಅಧಿಕಾರಿ ತೆಲುಗಿನವನು. ಜೊತೆಗೆ ಗುಮಾಸ್ತ, ಸುಹಾಸಿನಿ, ಇಸ್ತ್ರಿ ಅಂಗಿಯ ದತ್ತಾತ್ರೇಯರಾವ್. ಸೆಕ್ರೆಟೇರಿಯಟ್ಟಿನ ಹಳೆಯ ಸಾಹೇಬರು ಅಂತ ಅಧಿಕಾರಿ ಅವರಿಗೆ ಕುರ್ಚಿ ಕೊಟ್ಟು ಕಾಫಿ ತರಿಸಿದ್ದ. ಕಲ್ಯಾಣಪ್ಪ ಬಾಗಿಲ ಬಳಿ ನಿಂತಿದ್ದ. ನಿಂತವನಿಗೆ ನೀರು ಬೇಕೇ ಅಂತ ಕೇಳಿದವರಿಲ್ಲ.

ಅಧಿಕಾರಿ ಹಿಂದಿಯಲ್ಲಿ ಕೇಳಿದ, ಗೋಡೆಯ ಮೇಲೆ ಏನಿತ್ತು?

"ಕುಛ್ ನಹೀಂ ಥಾ ಸಾಬ್," ಅಂದ ಕಲ್ಯಾಣಪ್ಪ.

ಸುಹಾಸಿನಿ ತಲೆ ಎತ್ತಿ ಅವನನ್ನು ನೋಡಿದಳು. ಅವನು ಫ್ಯಾನು ನೋಡಿದ. ಗುಮಾಸ್ತ ಬರೆದುಕೊಂಡ. ಅಲ್ಲಿಗೆ ಎಲ್ಲ ಮುಗಿದಿತ್ತು, ಮೇಡ್ಚಲ್ಲಿನ ಹೆಬ್ಬಾಗಿಲು ತೆರೆದಿತ್ತು. ಆದರೆ ಗೆದ್ದವನಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಕಷ್ಟ. ದತ್ತಾತ್ರೇಯರಾವ್ ಕಾಫಿಯ ಲೋಟ ಕೆಳಗಿಟ್ಟು ನಕ್ಕರು.

"ಈ ಹುಡುಗಿಗೆ ಯಾರೋ ತಪ್ಪು ಹೇಳ್ಯಾರ್ರೀ. ಇದ್ರೂ ಎಂದೋ ಯಾವನೋ ಕೂಲಿ ಮೆತ್ತಿದ ಎರಡು ಸಿಮೆಂಟಿನ ಮುದ್ದೆ ಇರಬಹುದು. ಅದಕ್ಕ ಕಲಾ ಅಂತಾರೇನು?"

ಕಲ್ಯಾಣಪ್ಪನ ಕಿವಿಯಲ್ಲಿ ಒಂದೇ ಮಾತು ಉಳಿಯಿತು.

"ಸಿಮಿಟಿ?" ಅಂದ. ಯಾರೂ ಅವನ ಕಡೆ ತಿರುಗಲಿಲ್ಲ. "ಯಾವ ಸೂಳೆಮಗ ಸಿಮಿಟಿ ಮೆತ್ಯಾನ್ರೀ?" ಅಂತ ಈ ಸಲ ಕೂಗಿದ. "ಒಂಬತ್ತು ಗಿಳಿ ಅವು! ನನ್ನ ಕೈಯಾಗ ಹುಟ್ಯಾವ! ಒಂದು ಹನಿ ಸಿಮಿಟಿ ಇಲ್ಲ!" ಮೇಜಿನ ಹತ್ತಿರ ನುಗ್ಗಿ, ಅಧಿಕಾರಿಗೆ ತಿಳಿಯಲೆಂದು ಕನ್ನಡವೂ ಹಿಂದಿಯೂ ಬೆರೆಸಿ ಬೆರಳು ಮಡಚುತ್ತ ಹೇಳತೊಡಗಿದ: "ಸುಣ್ಣ ಸಾಬ್, ಚೂನಾ! ಮೂರು ತಿಂಗಳ ಹುಳಿ ಬಂದದ್ದು. ಬೆಲ್ಲದ ನೀರು, ಗುಡ್ ಕಾ ಪಾನಿ. ಉದ್ದಿನ ಲೋಳಿ. ಬೇಲದ ಹಣ್ಣು. ಕಡೀ ಲೇಪಕ್ಕ ತತ್ತಿ. ಅಂಡೇ ಸಾಬ್, ಅಂಡೇ! ಒಂದೊಂದು ಗಿಳಿಗೆ ಇಪ್ಪತ್ತು ಅಂಡೇ ಕಾ ಸಫೇದಿ! ಅದಕ್ಕ ಹೊಳೀತಿದ್ವು!"

ದತ್ತಾತ್ರೇಯರಾವ್ ಕುರ್ಚಿಯಿಂದ ಎದ್ದೇಬಿಟ್ಟರು. ಮುಖ ಕೆಂಡವಾಗಿತ್ತು.

"ಬಾಯಿ ಮುಚ್ಚೋ ಹಲ್ಕಟ್! ನಮ್ಮ ಗಿಳಿಗೆ ತತ್ತಿ? ನಮ್ಮ ಮನೀ ಮ್ಯಾಲ ತತ್ತಿ? ನಮ್ಮವ್ವ ಎದುರಿಗೆ ಕೂತು ಮಾಡಿಸ್ಯಾಳ ಒಂಬತ್ತೂ ಗಿಳಿ! ಬೇಲದ ಹಣ್ಣಿನ ರಸ ಬಿಟ್ಟು ಬ್ಯಾರೆ ಏನೂ ಹಾಕ್ಸಿಲ್ಲ!"

ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. "ಸಾರ್ ಏನಂದ್ರು?" ಅಂತ ತೆಲುಗಿನಲ್ಲಿ ಸುಹಾಸಿನಿಯನ್ನು ಕೇಳಿದ. ಅವಳು ಒಂದಕ್ಷರ ಬಿಡದೆ ಹೇಳಿದಳು. ಗುಮಾಸ್ತ ಹಿಂದಿನ ಸಾಲು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದ. ಸಾಲು ಬರೆಯುವಾಗ ಅವನಿಗೆ ನಗು ತಡೆಯಲಾಗಲಿಲ್ಲ.

ತತ್ತಿಯ ಮಾತು ಸುಳ್ಳಲ್ಲ. ಅರವತ್ತೊಂದರಲ್ಲಿ ಆ ಮನೆಯ ಯಜಮಾನಿ, ದತ್ತಾತ್ರೇಯರಾವ್ ಅವರ ತಾಯಿ ಗೋದಾವರಿಬಾಯಿ, ಕೆಲಸದವರು ಬಾವಿಯ ಹಗ್ಗ ಮುಟ್ಟಿದರೂ ಬಾವಿಗೆ ಗೋಮೂತ್ರ ಹೊಯ್ಯಿಸುತ್ತಿದ್ದವಳು. ಗಚ್ಚಿಗೆ ತತ್ತಿ ಬೇಕೇ ಬೇಕು ಅಂದರೆ ಕೆಲಸವೇ ನಿಲ್ಲುತ್ತಿತ್ತು. ಆದ್ದರಿಂದ ಅಂಥ ಮನೆಗಳಲ್ಲೆಲ್ಲ ಗಚ್ಚಿನವರು ತತ್ತಿಯನ್ನು ಸುಣ್ಣದ ಬುಟ್ಟಿಯ ತಳದಲ್ಲಿ ಒಯ್ದು, ಅಟ್ಟಣಿಗೆಯ ಮೇಲೆ ಒಡೆದು, ಬೇಲದ ರಸ ಅನ್ನುತ್ತಿದ್ದರು. ಲಿಂಗಾಯತನಾದ ಕಲ್ಯಾಣಪ್ಪ ತಾನೂ ತತ್ತಿ ತಿಂದವನಲ್ಲ. ಸಂಜೆ ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಹೋಗುತ್ತಿದ್ದ. ಆ ಕಾಲಕ್ಕೆ ಗಲ್ಲಿಯ ಸಾಲಿನಲ್ಲಿದ್ದ ಅಷ್ಟೂ ಮಡಿವಂತರ ಮನೆಗಳ ಮುಖ ತತ್ತಿಯಲ್ಲೇ ಮಿಂಚುತ್ತಿತ್ತು.

ಅಧಿಕಾರಿಯ ಆದೇಶ ವಾರದಲ್ಲಿ ಬಂತು. ಸಿಂಗಾರ ಇತ್ತು ಅನ್ನುವುದನ್ನು ಮನೆಯ ಯಜಮಾನರೇ ಒಪ್ಪಿದ್ದರಿಂದ, ಕೊನೆಯ ತೀರ್ಮಾನ ಆಗುವವರೆಗೆ ಮನೆಯನ್ನು ಕೆಡವಬಾರದು. ಸುಹಾಸಿನಿ ಅದನ್ನು ಹೇಳಲಿಕ್ಕೆ ತಾನೇ ಬಸ್ತಿಗೆ ಬಂದಳು.

"ಕಾಕಾ, ಮನಿ ಉಳೀತು!"

"ಛಲೋ ಆತು. ಗಿಳಿ ಯಾವಾಗ ಕೂಡಸ್ಲಿ? ಸುಣ್ಣ ಇನ್ನೊಂದ ವಾರಕ್ಕ ಹದಕ್ಕ ಬರ್ತೈತಿ."

ಅವಳು ಕಾಗದ ಮಡಚಿದಳು. "ಕೆಡವಾಕೂ ಬರಂಗಿಲ್ಲ, ಹೊಸಾದು ಮಾಡಾಕೂ ಬರಂಗಿಲ್ಲ ಕಾಕಾ. ತೀರ್ಮಾನ ಆಗೂತನಾ ಯಾರೂ ಮುಟ್ಟಂಗಿಲ್ಲ."

"ತೀರ್ಮಾನ ಯಾವಾಗ?"

"ಆಗ್ತೈತಿ."

"ಹಂಗಾದ್ರ ಉಳದಿದ್ದೇನವ್ವಾ? ಇಟ್ಟಂಗಿ." ಅಂದ ಕಲ್ಯಾಣಪ್ಪ. ಬಸಲಿಂಗಮ್ಮ ಸುಹಾಸಿನಿಯ ತಟ್ಟೆಗೆ ರೊಟ್ಟಿ ಹಾಕುತ್ತ, "ನೀ ಹನ್ನೆರಡ ದಿನ ಮೊದಲ ಬಂದಿದ್ರ ನಿನಗ ಹೋಳಿಗಿ ಮಾಡಿ ಹಾಕ್ತಿದ್ದೆ ನೋಡು," ಅಂದಳು.

ಸುಣ್ಣವನ್ನಾದರೂ ತರೋಣ ಅಂತ ಮರುದಿನ ಗಂಡ ಹೆಂಡತಿ ಡಬ್ಬ ಹಿಡಿದು ಗಿಳಿ ಮನೆಗೆ ಹೋದರು. ಹಿತ್ತಲಿಗೆ ಹೋಗುವ ಮೊದಲೇ ನಾತ ಬಂತು. ದತ್ತಾತ್ರೇಯರಾವ್ ಮನೆಯ ಸಂಡಾಸಿನ ಕೊಳವೆಯನ್ನು ಒಡೆಸಿ ಸುಣ್ಣದ ಗುಂಡಿಗೆ ತಿರುಗಿಸಿದ್ದರು. ಬೆಣ್ಣೆಯಂತೆ ಹದಕ್ಕೆ ಬರುತ್ತಿದ್ದ ಇಪ್ಪತ್ತು ಚೀಲ ಸುಣ್ಣದ ಮೇಲೆ ಮೂರು ಹೊತ್ತು ಉಂಡವರ ಹೊಲಸು ತೇಲುತ್ತಿತ್ತು. ಬಸಲಿಂಗಮ್ಮ ಸೆರಗು ಮೂಗಿಗೆ ಹಿಡಿದು, ಮನೆಯ ಕಿಟಕಿಗಳಿಗೆ ಕೇಳುವಂತೆ ಆ ವಂಶದ ಏಳು ತಲೆಗೂ ಸೇರಿಸಿ ಬೈದಳು. ಕಲ್ಯಾಣಪ್ಪ ಗುಂಡಿಯ ಪಕ್ಕ ಕೂತು ಕಕ್ಕಿಕೊಂಡ.

ತೀರ್ಮಾನ ಆಗಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ಸುಹಾಸಿನಿಯನ್ನು ಬೇರೆ ಕೆಲಸಕ್ಕೆ ಹಾಕಿದರು. ಪಟ್ಟಿಯ ಸುದ್ದಿ ಹಬ್ಬಿ, ಗಲ್ಲಿಯಲ್ಲಿ ಉಳಿದಿದ್ದ ಮೂರು ಮನೆಯವರು ಒಂದೇ ವಾರದಲ್ಲಿ ತಮ್ಮ ಗೋಡೆಗಳನ್ನು ಕೆರೆಸಿಕೊಂಡರು. ಕರೆಯಲು ಬಂದಾಗ ಕಲ್ಯಾಣಪ್ಪ ಹೋಗಲಿಲ್ಲ. ಪಾಲಮೂರಿನ ಕೂಲಿಯವರು ಬಂದು ಕೆಲಸ ಮುಗಿಸಿದರು. ಗಿಳಿ ಮನೆಗೆ ಮಾರುವ ಯೋಗವೂ ಇಲ್ಲ, ಮುಟ್ಟುವ ಹಕ್ಕೂ ಇಲ್ಲ. ಅದು ತುಪ್ಪಳ ತರಿದ ಕೋಳಿಯ ಹಾಗೆ ಬೀದಿಯಲ್ಲಿ ನಿಂತಿತು. ಮಳೆಯ ನೀರನ್ನು ಗೋಡೆಯಿಂದಾಚೆ ಚೆಲ್ಲುತ್ತಿದ್ದುದು ಆ ಅಂಚು, ಆ ಬಳ್ಳಿ. ಅವು ಹೋದ ಮೇಲೆ ನೀರು ನೇರ ಇಟ್ಟಿಗೆಗೆ ಇಳಿಯಿತು. ಎರಡು ಮಳೆಗಾಲದಲ್ಲಿ ಮೇಲಿನ ಕೋಣೆಗಳಿಗೆ ಬೂಷ್ಟು ಹತ್ತಿ ದತ್ತಾತ್ರೇಯರಾವ್ ಕೆಳಗೆ ಬಂದು ಮಲಗಬೇಕಾಯಿತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಇಬ್ಬರೂ ಕಾಚಿಗೂಡ ಸ್ಟೇಷನ್ನಿನ ಎದುರು ಮುಖಾಮುಖಿಯಾದರು. ಕಲ್ಯಾಣಪ್ಪ ಲಾಡ್ಜೊಂದರ ಸಂಡಾಸು ಕಟ್ಟಿಕೊಂಡಿದ್ದನ್ನು ಬಿಡಿಸಲು ಹೊರಟಿದ್ದ. ದತ್ತಾತ್ರೇಯರಾವ್ ಕೋಲು ಹಿಡಿದಿದ್ದರು.

"ಏನ್ ಸಿಕ್ತೋ ನಿನಗ? ನನ್ನ ಮನೀನೂ ಹೋಗ್ಲಿಲ್ಲ, ನಿನ್ನ ಗಿಳೀನೂ ಬರ್ಲಿಲ್ಲ."

"ಏನೂ ಸಿಗಲಿಲ್ರಿ. ನಿಮಗೂ ಸಿಗಲಿಲ್ಲಲ್ಲ."

ಅವನು ದಾಟಿ ಹೊರಟಾಗ ಅವರು ಕೋಲನ್ನು ಅಡ್ಡ ಹಿಡಿದರು. ಸುತ್ತ ಯಾರಿಗೂ ಕೇಳದಂತೆ ದನಿ ಇಳಿಸಿದರು.

"ಒಂದ ಮಾತು ಖರೇ ಹೇಳು. ತತ್ತಿ ಹಾಕಿದ್ದು ಹೌದೇನು?"

ಎರಡು ವರ್ಷದಿಂದ ಅದು ಅವರ ನಿದ್ದೆ ಕೆಡಿಸಿತ್ತು ಅನ್ನುವುದು ಕಣ್ಣಲ್ಲೇ ಕಾಣುತ್ತಿತ್ತು. ಕಲ್ಯಾಣಪ್ಪ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಗಿಳಿಗಷ್ಟ ಅಲ್ರಿ ಸಾಹೇಬ್ರ," ಅಂದ. "ನಿಮ್ಮ ದೇವರ ಮನೀ ಗ್ವಾಡಿಗೂ ಹಾಕೇವಿ. ಅದಕ್ಕ ಸೈತ ಕಮ್ಮಿ ಅಂದ್ರೂ ನಾಕ್ನೂರ ಹಿಡದಾವ. ನಿಮ್ಮವ್ವಾರು ದಿನಾ ಕೈ ಮುಗದು ತಲಿ ಆನಿಸ್ತಿದ್ರಲ್ಲ, ಅದ ಗ್ವಾಡಿ."

ಆ ಮನೆಯ ದೇವರ ಕೋಣೆಯ ಒಳಗೆ ಕಲ್ಯಾಣಪ್ಪನನ್ನಾಗಲಿ ಅವನ ಅಪ್ಪನನ್ನಾಗಲಿ ಯಾರೂ ಎಂದೂ ಬಿಟ್ಟಿರಲಿಲ್ಲ. ಆ ಗೋಡೆಗೆ ಸುಣ್ಣ ಬಳಿದವರು ಮನೆಯವರೇ. ದತ್ತಾತ್ರೇಯರಾವ್ ಕೋಲಿಗೆ ಆನಿಕೊಂಡು ರಸ್ತೆಯ ನಡುವೆಯೇ ನಿಂತರು. ಆಟೋದವನೊಬ್ಬ ಹಾರ್ನು ಹೊಡೆದು ಬೈದು ಹೋದ. ಕಲ್ಯಾಣಪ್ಪ ತಿರುಗಿ ನೋಡದೆ ಲಾಡ್ಜಿನ ಮೆಟ್ಟಿಲು ಹತ್ತಿದ.